ದಾರಿಯಲ್ಲಿ ನೀರು ಕುಡಿಯದವರು

ಮಾವನ ಹೊಟ್ಟೆಯಿಂದ ಹೊರಬಿದ್ದ ಕಲ್ಲು ಆ ಮನೆಯ ಷೋಕೇಸಿನಲ್ಲಿತ್ತು. ಅಪಘಾತವಿಲ್ಲದ ಚಾಲನೆಗೆಂದು ಡಿಪೋದವರು ಕೊಟ್ಟ ಫಲಕದ ಪಕ್ಕದಲ್ಲೇ, ಮಾತ್ರೆಯ ಖಾಲಿ ಶೀಶೆಯೊಳಗೆ ಅದಕ್ಕೂ ಒಂದು ಜಾಗ ಸಿಕ್ಕಿತ್ತು. ಬಂದವರು ಫಲಕ ನೋಡಿ ತಲೆದೂಗಿದ ಮೇಲೆ ಮಾವ ಶೀಶೆಯನ್ನು ಕೈಗೆತ್ತಿಕೊಂಡು ಅಲ್ಲಾಡಿಸುತ್ತಿದ್ದರು. ಕಲ್ಲು ಟಿಕಟಿಕ ಎನ್ನುತ್ತಿತ್ತು. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಅದೇನೋ ಹಿರಿಯರ ಕಾಲದ ಹರಳೆಂದುಕೊಂಡು ಅಂಗೈಯಲ್ಲಿಟ್ಟು ನೋಡಿದ್ದಳು. ಏನೆಂದು ತಿಳಿದ ಮೇಲೆ ಸೋಪು ಹಚ್ಚಿ ಕೈ ತೊಳೆದುಕೊಂಡಳು.

ಮಾವ ದೂರದೂರಿನ ಬಸ್ಸಿನ ಡ್ರೈವರು. ಬಸ್ಸು ಹತ್ತಿದ ಮೇಲೆ ಇಳಿಯುವ ತನಕ ನೀರು ಮುಟ್ಟುವವರಲ್ಲ. ನೀರು ಕುಡಿದರೆ ಇಳಿಯಬೇಕಾಗುತ್ತದೆ, ಇಳಿದರೆ ಬಸ್ಸು ನಿಲ್ಲುತ್ತದೆ, ಬಸ್ಸು ನಿಂತರೆ ಹೊತ್ತು ಮೀರುತ್ತದೆ. "ಒಳಗೆ ಹೋದರೆ ತಾನೆ ಹೊರಗೆ ಬರೋದು?" ಎನ್ನುತ್ತಿದ್ದರು. ಅವರ ಬಸ್ಸು ತಡವಾದದ್ದಿಲ್ಲ. ಅವರು ಗೇಟು ತೆಗೆದ ಸದ್ದಿಗೆ ಎದುರು ಮನೆಯ ಮುದುಕರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಕಲ್ಲು ಬಂದಾಗ ಡಾಕ್ಟರು, ನೀರು ಕುಡಿಯದೇ ಆದದ್ದು ಎಂದು ಬಾಯಿಬಿಟ್ಟು ಹೇಳಿದ್ದರು. ಮಾವ ಮನೆಗೆ ಬಂದು, ಟೊಮೆಟೊ ಬೀಜದಿಂದ ಆದದ್ದಂತೆ ಎಂದರು. ಅಂದಿನಿಂದ ಆ ಮನೆಯಲ್ಲಿ ಟೊಮೆಟೊ ಬಂದ್ ಆಯಿತು.

ಅತ್ತೆ ಮಾತ್ರ ದಿನಾ ಬೆಳಿಗ್ಗೆ ಸ್ಟೀಲಿನ ಬಾಟಲಿಗೆ ನೀರು ತುಂಬಿಸಿ ಅವರ ಚೀಲಕ್ಕೆ ಹಾಕುತ್ತಿದ್ದರು. ಸಂಜೆ ಅದು ತುಂಬಿದಂತೆಯೇ ಮರಳುತ್ತಿತ್ತು. ಅತ್ತೆ ಅದನ್ನು ಬಾಗಿಲ ಬಳಿಯ ಕುಂಡಗಳಿಗೆ ಸುರಿಯುತ್ತಿದ್ದರು. ಆ ಮನೆಯ ಗಿಡಗಳೆಲ್ಲ ಮಾವನ ಪಾಲಿನ ನೀರು ಕುಡಿದೇ ಬೆಳೆದಿದ್ದವು.

ನಾದಿನಿಗೆ ಹೆರಿಗೆಯಾದ ಸುದ್ದಿ ಬಂತು. ಅವಳಿದ್ದದ್ದು ಹಗಲಿಡೀ ಬಸ್ಸಿನಲ್ಲಿ ಕೂರಬೇಕಾದಷ್ಟು ದೂರದಲ್ಲಿ. ಮಾವನಿಗೆ ರಜೆ ಸಿಕ್ಕುವುದಕ್ಕೆ ಕೆಲವು ವಾರ ಹಿಡಿಯಿತು. ಆ ವಾರಗಳೆಲ್ಲ ಅತ್ತೆಯ ಬಾಯಲ್ಲಿ ಒಂದೇ ಮಾತು.

"ದಾರೀಲಿ ಏನು ತಿನ್ನೋದು?"

"ಏನೂ ತಿನ್ನೋದು ಬೇಡ," ಎಂದರು ಮಾವ. "ಒಂದು ಹೊತ್ತು ತಿನ್ನದೇ ಇದ್ದರೆ ಯಾರೂ ಸತ್ತಿಲ್ಲ."

"ನೀವು ಸ್ಟೇರಿಂಗ್ ಹಿಡ್ಕೊಂಡು ಕೂತಿರ್ತೀರಿ, ಹಸಿವು ಮರೆತು ಹೋಗುತ್ತೆ. ನಾವು ಕಿಟಕಿ ನೋಡ್ಕೊಂಡು ಕೂರೋರು. ಕಿಟಕಿ ತುಂಬ ಹೋಟೆಲ್ಲೇ ಕಾಣ್ಸೋದು."

ಅತ್ತೆಗೆ ರಕ್ತದೊತ್ತಡ. ಬೆಳಿಗ್ಗೆ ನುಂಗುವ ಮಾತ್ರೆಗಳಲ್ಲಿ ಒಂದು ಮೈಯ ನೀರಿಳಿಸುವಂಥದ್ದು. ಇದು ಸೊಸೆಗೆ ಗೊತ್ತಿತ್ತು. ಅವಳಿಗೆ ಕೆಲಸ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ, ಮುಂದಿನ ಮೇಜಿನ ಹಿಂದೆ. ಫೋನು ಎತ್ತುವುದು, ಸರದಿ ಕರೆಯುವುದು, ಕೆನ್ನೆ ಹಿಡಿದುಕೊಂಡು ಬಂದವರಿಗೆ "ಇನ್ನೇನು, ನಿಮ್ಮದೇ ಮುಂದೆ" ಎಂದು ಸುಳ್ಳು ಹೇಳುವುದು. ಒಂದು ಸಂಜೆ ಅವಳು ಔಷಧಿ ಅಂಗಡಿಯಿಂದ ಓಆರ್‌ಎಸ್ ಪೊಟ್ಟಣಗಳನ್ನು ತಂದು ಮೇಜಿನ ಮೇಲಿಟ್ಟಳು.

"ಇದೇನಮ್ಮ, ಉಪ್ಪಿನಂಗಡಿ ಇಡ್ತೀಯಾ?" ಎಂದರು ಮಾವ.

"ದಾರೀಲಿ ಯಾರಿಗಾದರೂ ವಾಂತಿ ಭೇದಿ ಆದರೆ ಇರಲಿ ಅಂತ ಮಾವ. ಒಂದು ಪೊಟ್ಟಣಾನ ಒಂದು ಲೀಟರ್ ಕುದಿಸಿ ಆರಿಸಿದ ನೀರಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪ ಕುಡಿಸೋದು."

"ಭೇದಿ ಆದವರಿಗೆ ನೀರು ಕುಡಿಸೋದಾ! ಟ್ಯಾಂಕು ತೂತಾದಾಗ ಡೀಸೆಲ್ ಹಾಕ್ತಾರೇನಮ್ಮ?"

"ನಮ್ಮ ಡಾಕ್ಟರಮ್ಮ ಹೇಳಿದ್ರು..."

"ಅವರು ಹಲ್ಲಿನವರಲ್ವಾ? ಹಲ್ಲಿಂದ ಕೆಳಗೆ ಏನಾಗುತ್ತೆ ಅಂತ ಅವರಿಗೇನು ಗೊತ್ತು?" ಮಾವ ಅಂಗಿಯ ಜೇಬಿನಿಂದ ಮಾತ್ರೆಯ ಹಾಳೆಯೊಂದನ್ನು ಹೊರಗೆಳೆದರು. "ಇದು ನೋಡು. ಭೇದಿ ಕಟ್ಟೋ ಮಾತ್ರೆ. ಡಿಪೋದಲ್ಲಿ ಎಲ್ಲರ ಜೇಬಲ್ಲೂ ಇರುತ್ತೆ. ಒಂದು ನುಂಗಿದ್ರೆ ಸಾಕು, ಬೀಗ ಜಡಿದ ಹಾಗೆ."

ಸೊಸೆ ಗಂಡನ ಕಡೆ ನೋಡಿದಳು. ಅವನಿಗೆ ಪೀಠೋಪಕರಣದ ಅಂಗಡಿಯಲ್ಲಿ ಮರಕ್ಕೆ ಪಾಲಿಶು ಹಚ್ಚುವ ಕೆಲಸ. ಒರಟೆಲ್ಲವನ್ನೂ ಉಜ್ಜಿ ನುಣುಪು ಮಾಡುವ ಚಟ ಮನೆಗೂ ಹಿಂಬಾಲಿಸಿ ಬಂದಿತ್ತು. ನೆಂಟರಲ್ಲಿ ಅವನ ಅಡ್ಡಹೆಸರು ಹೌದಪ್ಪ.

"ಅಪ್ಪ ಹೇಳೋದೂ ಹೌದು," ಎಂದ ಹೌದಪ್ಪ. "ಇವಳು ಹೇಳೋದೂ ಹೌದು. ಎರಡೂ ತಗೊಂಡು ಹೋದರಾಯ್ತು."

ಎರಡನ್ನೂ ತೆಗೆದುಕೊಂಡು ಹೋದರು. ಮಾತ್ರೆ ಮಾವನ ಜೇಬಿನಲ್ಲಿ, ಪೊಟ್ಟಣಗಳು ದೊಡ್ಡ ಚೀಲದಲ್ಲಿ.

ಹೋಗುವಾಗ ಏನೂ ಆಗಲಿಲ್ಲ. ಅತ್ತೆ ಕುದಿಸಿದ ನೀರು ಹೊತ್ತರು, ಹೆಚ್ಚಿಟ್ಟ ಹಣ್ಣಿನ ಗಾಡಿ ಕಂಡಾಗ ಮುಖ ತಿರುಗಿಸಿದರು, ಐಸು ಹಾಕಿದ ಲೋಟ ಹಿಡಿದ ಮಗನ ಕೈಮೇಲೆ ಹೊಡೆದರು. ಹಬೆಯಾಡುವ ಟೀ ಬಿಟ್ಟು ಹೊರಗಿನದೇನೂ ಅವರ ಗಂಟಲಿಗೆ ಇಳಿಯಲಿಲ್ಲ. ಸೊಸೆ ಅವರನ್ನು ಮೊದಲ ಸಲ ಮನಸಾರೆ ಮೆಚ್ಚಿಕೊಂಡಳು. ಇಷ್ಟು ಬಂದೋಬಸ್ತು ಇರುವ ಕೋಟೆಗೆ ರೋಗ ಎಲ್ಲಿಂದ ನುಗ್ಗೀತು ಎಂದೂ ಅಂದುಕೊಂಡಳು.

ಅದು ಮಗಳ ಮನೆಯ ಡಬ್ಬಿಯೊಳಗೆ ಕೂತು ಬಂತು.

ಹೊರಡುವ ದಿನ ನಾದಿನಿ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಅಡುಗೆಮನೆಯಲ್ಲಿ ನಿಂತಿದ್ದಳು. ನಿದ್ದೆಯಿಲ್ಲದ ಕಣ್ಣು. ಹಿಂದಿನ ಸಂಜೆ ಮಾಡಿ ಒಲೆಯ ಮೇಲೇ ಬಿಟ್ಟಿದ್ದ ಅನ್ನಕ್ಕೆ ಮೊಟ್ಟೆ ಒಡೆದು ಹಾಕಿ ಹುರಿದು, ಬಿಸಿ ಇರುವಾಗಲೇ ಡಬ್ಬಿಗಳಿಗೆ ಅದುಮಿ, ಮುಚ್ಚಳ ಬಿಗಿದು, ದಪ್ಪ ಟವೆಲಿನಲ್ಲಿ ಸುತ್ತಿ ಕೊಟ್ಟಳು.

"ಅಮ್ಮ, ಬಾಣಂತಿ ಮಾಡಿದ್ದು ಅಂತ ಉಪ್ಪು ಖಾರ ನೋಡಬೇಡ. ಎಲ್ಲ ಖಾಲಿ ಮಾಡಬೇಕು."

"ಒಂದು ಅಗುಳು ಬಿಡಲ್ಲ ಕಣೇ," ಎಂದರು ಅತ್ತೆ, ಕಣ್ಣೊರೆಸಿಕೊಂಡು.

ಬಸ್ಸು ಹತ್ತುತ್ತಲೇ ಮಾವ ಸ್ವಂತ ಮನೆಗೆ ಬಂದವರಂತೆ ಓಡಾಡತೊಡಗಿದರು. ಚೀಲಗಳನ್ನೆಲ್ಲ ತಾವೇ ಕೆಳಗಿನ ಡಿಕ್ಕಿಯಲ್ಲಿ ಒಪ್ಪವಾಗಿ ಜೋಡಿಸಿದರು. ಸೊಸೆ "ಆ ಚೀಲ ಮೇಲಿರಲಿ" ಎನ್ನುವಷ್ಟರಲ್ಲಿ ಬಾಗಿಲು ದಡಾರನೆ ಮುಚ್ಚಿಯಾಗಿತ್ತು. ಡ್ರೈವರಿಗೆ ತಾನೂ ಡ್ರೈವರೆಂದು ಹೇಳಿ ಕೈ ಕುಲುಕಿ ಅವನ ಹಿಂದಿನ ಸೀಟು ಹಿಡಿದರು. ಆಮೇಲೆ ಟವೆಲಿನ ಗಂಟನ್ನು ಅತ್ತೆಯ ಮಡಿಲಿನಿಂದ ಎತ್ತಿಕೊಂಡರು.

"ಇಂಜಿನ್ ಮುಚ್ಚಳದ ಮೇಲೆ ಇಡ್ತೀನಿ. ನಮ್ಮ ಡ್ರೈವರುಗಳ ಒಲೆ ಅದು. ಮಧ್ಯಾಹ್ನಕ್ಕೂ ಬೆಚ್ಚಗೇ ಇರುತ್ತೆ."

ಮಧ್ಯಾಹ್ನದವರೆಗೂ ಡಬ್ಬಿಗಳು ಅಲ್ಲಿ ಬೆಚ್ಚಗೆ ಕೂತಿದ್ದವು.

ಊಟಕ್ಕೆ ಬಸ್ಸು ನಿಂತಾಗ ಸೊಸೆ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಕೆಟ್ಟಿದೆ ಎನ್ನುವಂಥ ವಾಸನೆಯಲ್ಲ. ಸರಿಯಿದೆ ಎನ್ನುವಂಥದ್ದೂ ಅಲ್ಲ. ಅನ್ನ ಬೆರಳಿಗೆ ಸ್ವಲ್ಪ ಅಂಟಿತು.

"ಅತ್ತೆ, ಇದು ಬೇಡ ಅನ್ಸುತ್ತೆ."

"ಯಾಕೆ?"

"ಬೆಳಗಿಂದ ಹೀಗೆ ಬೆಚ್ಚಗೇ ಇದೆ. ವಾಸನೆನೂ..."

"ವಾಸನೆನಾ?" ಅತ್ತೆಯ ದನಿ ಏರಿತು. "ನನ್ನ ಮಗಳು ಹಸಿ ಮೈಯಲ್ಲಿ ನಿಂತು ಮಾಡಿದ್ದು ನಿನಗೆ ವಾಸನೆ ಬರುತ್ತಾ? ನೀನು ಕಳೆದ ವಾರ ಸೀಯಿಸಿದ ಬೇಳೇನ ನಾನು ವಾಸನೆ ಅಂದ್ನಾ?"

"ಅಂದ್ರಿ ಅತ್ತೆ."

"ಅಂದೆ, ಆದ್ರೆ ತಿಂದೆ!"

ಹೌದಪ್ಪ ಎರಡು ತುತ್ತು ತಿಂದು, ಹೆಂಡತಿಯ ಮುಖ ನೋಡಿ, ಹಸಿವಿಲ್ಲವೆಂದ. ಮಾವ ದಾರಿಯಲ್ಲಿ ಉಣ್ಣುವವರೇ ಅಲ್ಲ. ಸೊಸೆ ಬಿಸ್ಕತ್ತು ತಿಂದಳು. ಅತ್ತೆ ತಮ್ಮ ಪಾಲನ್ನೂ, ಸೊಸೆಯ ಪಾಲನ್ನೂ, ಮಗ ಬಿಟ್ಟದ್ದನ್ನೂ ಹಟಕ್ಕೆ ಬಿದ್ದು ತಿಂದರು. "ಚೆಲ್ಲೋಕಾಗುತ್ತಾ?" ಎಂದು ತುತ್ತಿಗೊಮ್ಮೆ ಕೇಳಿದರು. ಡಬ್ಬಿ ತೊಳೆದಷ್ಟು ಚೊಕ್ಕಟವಾಯಿತು.

ಬಿಸಿಲು ವಾಲುವ ಹೊತ್ತಿಗೆ ಅತ್ತೆ ಮಾತು ನಿಲ್ಲಿಸಿದರು. ಆಮೇಲೆ ಬಿಸ್ಕತ್ತು ತಂದಿದ್ದ ಪ್ಲಾಸ್ಟಿಕ್ ಚೀಲ ಕೇಳಿದರು. ಕೊಡುವಷ್ಟರಲ್ಲೇ ವಾಂತಿಯಾಯಿತು. ಟೀಗೆ ಬಸ್ಸು ನಿಂತಲ್ಲಿ ಎರಡು ಸಲ ಶೌಚಕ್ಕೆ ಹೋದರು. ಎರಡನೆಯ ಸಲ ಸೊಸೆ ತೋಳು ಹಿಡಿದು ಕರೆತರಬೇಕಾಯಿತು. ಡ್ರೈವರು ಹಾರ್ನು ಹೊಡೆದ. ಮಾವ ಬಾಗಿಲಲ್ಲಿ ನಿಂತು "ಬೇಗ, ಬೇಗ, ಎಲ್ಲರಿಗೂ ತಡ ಆಗ್ತಿದೆ" ಎಂದು ಅವನಿಗಿಂತ ಹೆಚ್ಚು ಅವಸರ ಮಾಡಿದರು.

"ಮಾವ, ಡಿಕ್ಕಿ ತೆಗೆಸಿ, ಪೊಟ್ಟಣ ಚೀಲದಲ್ಲಿದೆ."

"ಹತ್ತಮ್ಮ ಮೊದಲು. ಅದಕ್ಕೆಲ್ಲ ಟೈಮಿಲ್ಲ." ಬಸ್ಸು ಹೊರಟ ಮೇಲೆ ಅವರು ಬಂದು ಅತ್ತೆಯ ಬಾಯಿಗೆ ಮಾತ್ರೆ ಹಾಕಿದರು. ನೀರಿನ ಬಾಟಲಿಯನ್ನು ತಮ್ಮ ಜೊತೆ ಮುಂದಕ್ಕೆ ಒಯ್ದರು. "ಒಂದು ತೊಟ್ಟೂ ಕೊಡಬೇಡ. ಹೊಟ್ಟೆ ಒಣಗಲಿ, ತಾನಾಗೇ ನಿಲ್ಲುತ್ತೆ."

ಮಾತ್ರೆ ಹೊರಗೆ ಬಂತು. ಮಾವ ಇನ್ನೊಂದು ತಂದರು. ಅದೂ ಹೊರಗೆ ಬಂತು.

ಸೊಸೆ ಡಾಕ್ಟರಮ್ಮನಿಗೆ ಫೋನು ಮಾಡಿದಳು. ಅತ್ತ ಕಡೆ ಯಾರದೋ ಹಲ್ಲು ಕೊರೆಯುವ ಸದ್ದು ನಿಂತಿತು.

"ನಾನು ಹಲ್ಲಿನ ಡಾಕ್ಟರು ಕಣೆ," ಎಂದರು ಡಾಕ್ಟರಮ್ಮ, ಪೀಠಿಕೆಯೆಂಬಂತೆ. ಆಮೇಲೆ ಕೇಳಿದರು: "ಮೂತ್ರ ಹೋಗಿದ್ದಾರಾ?"

"ಮಧ್ಯಾಹ್ನದಿಂದ ಇಲ್ಲ."

"ನಾಲಿಗೆ?"

"ಒಣಗಿದೆ. ತುಟಿ ಬಿರಿದಿದೆ."

"ಬೆಳಿಗ್ಗೆ ನೀರಿಳಿಸೋ ಮಾತ್ರೆ ಬೇರೆ ತಗೊಂಡಿದ್ದಾರೆ ಅಂತೀಯಾ? ಅಯ್ಯೋ. ನೋಡು, ಭೇದಿ ಕಟ್ಟೋ ಮಾತ್ರೆ ಕೊಡಬೇಡಿ. ನೀರು ಕೊಡಿ, ಚಮಚ ಚಮಚ, ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಕೊಡಿ. ಮಂಪರು ಬಂದ್ರೆ, ಮಾತು ತೊದಲಿದ್ರೆ ಕಾಯಬೇಡ, ಸಿಕ್ಕಿದ ಆಸ್ಪತ್ರೆ ಹತ್ತಿಸು. ಡ್ರಿಪ್ ಬೇಕಾಗುತ್ತೆ."

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಕಣ್ಣು ಅರ್ಧ ಮುಚ್ಚಿಕೊಂಡು, "ಒಲೆ ಆರಿಸಿದ್ಯಾ?" ಎಂದರು.

"ಅತ್ತೆ, ನಾವು ಬಸ್ಸಲ್ಲಿದ್ದೀವಿ."

"ಹಾಲುಕ್ಕುತ್ತೆ ನೋಡು."

ಸೊಸೆ ಗಂಡನನ್ನು ಅಲ್ಲಾಡಿಸಿದಳು. "ರೀ, ಹೋಗಿ ಬಸ್ಸು ನಿಲ್ಲಿಸಿ ಅನ್ನಿ."

"ಅಪ್ಪ ಮುಂದೇನೇ ಇದ್ದಾರಲ್ಲ, ನೋಡ್ಕೋತಾರೆ," ಎಂದ ಹೌದಪ್ಪ. ಅವನ ಮುಖವೂ ಬಿಳುಚಿತ್ತು. ಎರಡು ತುತ್ತು ಅವನ ಹೊಟ್ಟೆಯಲ್ಲೂ ಗುಡುಗುತ್ತಿದ್ದವು.

ಅವಳೇ ಸೀಟಿನ ಬೆನ್ನುಗಳನ್ನು ಹಿಡಿದು ಹಿಡಿದು ಮುಂದೆ ನಡೆದಳು. ಮಾವ ಡ್ರೈವರಿನ ಜೊತೆ ಕ್ಲಚ್ಚಿನ ವಿಷಯ ಮಾತಾಡುತ್ತಿದ್ದರು.

"ಅಣ್ಣ, ಸ್ವಲ್ಪ ನಿಲ್ಲಿಸಿ. ಆಸ್ಪತ್ರೆ ಎಲ್ಲಿದೆಯೋ ಅಲ್ಲಿ ನಿಲ್ಲಿಸಿ."

ಡ್ರೈವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಾನಾಗಲೇ ಕೇಳಿದೆನಮ್ಮ, ನಿಲ್ಲಿಸಲಾ ಅಂತ. ಇವರೇ ಬೇಡ ಅಂದ್ರು."

ಸೊಸೆ ಮಾವನ ಕಡೆ ತಿರುಗಿದಳು. ಈ ಮನೆಗೆ ಬಂದಾಗಿನಿಂದ ಅವಳು ಅವರೆದುರು ದನಿ ಎತ್ತಿದವಳಲ್ಲ.

"ನೀವು ಬೇಡ ಅಂದ್ರಾ?"

"ಮನೆ ಇನ್ನೇನು ದೂರ ಇದೆಯಮ್ಮ? ಒಬ್ಬರಿಗೋಸ್ಕರ ಇಷ್ಟು ಜನಾನ ಕಾಯಿಸೋದು... ನಾನೂ ಅದೇ ಕೆಲಸದವನು. ಒಬ್ಬ ಡ್ರೈವರಾಗಿ ಇನ್ನೊಬ್ಬ ಡ್ರೈವರಿಗೆ ನಿಲ್ಲಿಸು ಅಂತ ಹೇಗೆ ಹೇಳಲಿ?"

"ಅಲ್ಲಿ ಅತ್ತೆಗೆ ಪ್ರಜ್ಞೆ ತಪ್ತಾ ಇದೆ! ಬಂದು ನೋಡಿ! ಇಲ್ಲಿಂದ ಎದ್ದು ಬಂದು ನೋಡಿ ಒಂದ್ಸಲ!"

ಬಸ್ಸಿನ ತಲೆಗಳೆಲ್ಲ ಅತ್ತ ತಿರುಗಿದವು. ಮಾವ ಅವಮಾನದಿಂದ ಕೆಂಪಾಗಿ ಎದ್ದರು. ಹೆಂಡತಿಯ ಸೀಟಿನ ಬಳಿ ಬಂದು ಬಗ್ಗಿ, "ಏನೇ, ಹೇಗಿದೆ?" ಎಂದರು.

ಅತ್ತೆ ಕಣ್ಣು ತೆರೆದರು. ಅವರನ್ನು ನೋಡಿದರು. ಗುರುತು ಸಿಕ್ಕಲಿಲ್ಲವೋ, ಸಿಕ್ಕಿದ್ದು ರಜೆಯಲ್ಲೂ ತೊಟ್ಟಿದ್ದ ಖಾಕಿ ಅಂಗಿಯ ಬಣ್ಣ ಮಾತ್ರವೋ. ಕೈಗಳನ್ನು ಕಷ್ಟಪಟ್ಟು ಜೋಡಿಸಿದರು.

"ಡ್ರೈವರ್ರೇ," ಎಂದರು, ಅಪರಿಚಿತರ ಹತ್ತಿರ ಮಾತಾಡುವ ಮೆಲುದನಿಯಲ್ಲಿ, "ಸಿಟ್ಟಾಗಬೇಡಿ. ಒಂದು ನಿಮಿಷ ನಿಲ್ಲಿಸ್ತೀರಾ?"

ಮಾವ ಹಾಗೇ ಬಗ್ಗಿ ನಿಂತರು. ಆ ಮಾತನ್ನು ಅವರು ಹಿಂದೆಯೂ ಕೇಳಿದ್ದರು, ಎಷ್ಟೋ ಬಾಯಿಗಳಿಂದ, ತಮ್ಮ ಬಸ್ಸಿನ ಕನ್ನಡಿಯಲ್ಲಿ ಕಾಣುವ ಎಷ್ಟೋ ಮುಖಗಳಿಂದ. ಆಮೇಲೆ ಬಸ್ಸಿಗೆ ಬಸ್ಸೇ ಬೆಚ್ಚಿಬೀಳುವಂತೆ ಕೂಗಿದರು:

"ನಿಲ್ಸಪ್ಪಾ! ನಿಲ್ಲಿಸು!"

ಮುಂದೆ ಸಿಕ್ಕಿದ ಊರಿನ ಸಣ್ಣ ಆಸ್ಪತ್ರೆಯ ಬಾಗಿಲಿಗೇ ಡ್ರೈವರು ಬಸ್ಸನ್ನು ತಿರುಗಿಸಿದ. ಪ್ರಯಾಣಿಕರು ಗೊಣಗಲಿಲ್ಲ, ಇಬ್ಬರು ಕೈಕೊಟ್ಟು ಅತ್ತೆಯನ್ನು ಇಳಿಸಿದರು. ಮಾವ ಕಾಯಬೇಡವೆಂದು ಡ್ರೈವರಿಗೆ ಹೇಳಿ ಚೀಲಗಳನ್ನು ಇಳಿಸಿಕೊಂಡರು. ಈ ಸಲ ಒಪ್ಪವಾಗಿ ಜೋಡಿಸಲಿಲ್ಲ, ರಸ್ತೆಯ ಮೇಲೆ ಬಿಸುಟರು.

ಕೈಯಲ್ಲಿ ನರ ಸಿಗದೆ ನರ್ಸು ಮತ್ತೆ ಮತ್ತೆ ಚುಚ್ಚಿದಳು. ಮಾವ ಗೋಡೆ ನೋಡುತ್ತಿದ್ದರು. ಕೊನೆಗೂ ಡ್ರಿಪ್ಪು ಹನಿಯತೊಡಗಿತು. ಏನು ತಿಂದಿದ್ದರೆಂದು ಡಾಕ್ಟರು ಕೇಳಿದಾಗ ಸೊಸೆ ಒಂದೂ ಬಿಡದೆ ಹೇಳಿದಳು: ಹಿಂದಿನ ಸಂಜೆಯ ಅನ್ನ, ಟವೆಲು, ಇಂಜಿನ್ನಿನ ಮುಚ್ಚಳ.

"ಅದೇ ಮತ್ತೆ," ಎಂದರು ಡಾಕ್ಟರು. "ಅನ್ನ ರಾತ್ರಿಯೆಲ್ಲ ಹೊರಗಿದ್ದದ್ದೇ ಸಾಕಿತ್ತು. ಅದರ ಮೇಲೆ ಬೆಚ್ಚಗೆ ಬೇರೆ ಇಟ್ಟಿದ್ದೀರಿ. ಸುಡುವಷ್ಟು ಬಿಸಿ ಇರಬೇಕು, ಇಲ್ಲಾ ತಣ್ಣಗೆ ಫ್ರಿಜ್ಜಲ್ಲಿರಬೇಕು. ಈ ಬೆಚ್ಚಗೆ ಅನ್ನೋದಿದೆಯಲ್ಲ, ಕ್ರಿಮಿಗಳಿಗೆ ತೊಟ್ಟಿಲು. ಮತ್ತೆ ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ. ನೀರು ಕೊಟ್ರಾ?"

ಮಾವನ ಕೈಯಲ್ಲಿ ಬಾಟಲಿ ಇತ್ತು, ತುಂಬಿದ್ದು.

"ಇನ್ನೂ ತಡವಾಗಿದ್ರೆ ಮೂತ್ರಪಿಂಡಕ್ಕೇ ಪೆಟ್ಟು," ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಅತ್ತೆ ಮನೆಗೆ ಮರಳಿದ ಮೇಲೂ ಬಹಳ ದಿನ ಗೋಡೆ ಹಿಡಿದೇ ಓಡಾಡಿದರು. ಸೊಸೆ ಕೆಲಸಕ್ಕೆ ಹೋಗುವ ಮುಂಚೆ ಗಂಜಿ ಕಾಯಿಸಿಟ್ಟು ಹೋಗುತ್ತಿದ್ದಳು. ಹೌದಪ್ಪ ಪಾತ್ರೆ ತೊಳೆಯುವುದನ್ನು ಕಲಿತ. ಪಾಲಿಶು ಹಚ್ಚಿದಂತೆ ಉಜ್ಜುತ್ತಿದ್ದ. ಉಳಿದ ಅನ್ನವನ್ನು ಅತ್ತೆ ಒಲೆಯ ಮೇಲೆ ಬಿಟ್ಟರೆ ಸೊಸೆ ಎತ್ತಿ ಫ್ರಿಜ್ಜಿಗಿಡುತ್ತಿದ್ದಳು.

"ನಾನು ಹುಟ್ಟಿದಾಗಿಂದ ಹೀಗೇ ಇಟ್ಟಿದ್ದು," ಎನ್ನುತ್ತಿದ್ದರು ಅತ್ತೆ.

"ಇನ್ನು ಮೇಲೆ ಹಾಗಿಡಬೇಡಿ."

"ನಿನ್ನ ಕೈಗೆ ಸಿಕ್ಕಿಹಾಕ್ಕೊಂಡೆ ನೋಡು." ಬೈಗುಳಕ್ಕೆ ಮೊದಲಿನ ಕಸುವು ಇನ್ನೂ ಬಂದಿರಲಿಲ್ಲ. ಅದೇ ಸೊಸೆಗೆ ಹೆದರಿಕೆ.

ನಾದಿನಿ ದಿನಾ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನನ್ನ ಅನ್ನದಿಂದಾನಾ ಅಮ್ಮ?" ಅತ್ತೆ ದಿನಾ ಒಂದೇ ಸುಳ್ಳು ಹೇಳುತ್ತಿದ್ದರು: "ಇಲ್ಲ ಕಣೇ, ಆ ಹಾಳು ಟೀ." ಹೇಳಿ ಸೊಸೆಯ ಕಡೆ ಕಣ್ಣು ಬಿಡುತ್ತಿದ್ದರು. ಹಬೆಯಾಡುವ ಟೀಯಿಂದ ಹೀಗಾಗುವುದಿಲ್ಲವೆಂದು ನಾದಿನಿಗೂ ಗೊತ್ತಿತ್ತು. ಒಂದು ದಿನ ಫೋನಿನಲ್ಲಿ ಅವಳ ಅಳು ಕೋಣೆಗೆಲ್ಲ ಕೇಳಿಸಿತು. ಮಾವ ಪೇಪರು ಮಡಚಿ ಫೋನು ಕಿತ್ತುಕೊಂಡರು.

"ನೋಡು ಮಗಳೇ, ಅನ್ನ ರಾತ್ರಿ ಹೊರಗೆ ಬಿಡಬೇಡ, ನಿನ್ನ ಗಂಡನ ಡಬ್ಬಿಗೂ ಹಾಕಬೇಡ. ಅದು ಬಿಟ್ಟರೆ ಉಳಿದದ್ದೆಲ್ಲ ನಂದು. ನಾನು ಅದನ್ನ ಇಂಜಿನ್ ಮೇಲೆ ಇಟ್ಟೆ. ನೀರೂ ಕೊಡಲಿಲ್ಲ. ಅಳಬೇಡ. ಹಾಲು ಕುಡಿಸೋಳು ಅಳಬಾರದು." ಫೋನನ್ನು ಅತ್ತೆಗೆ ಕೊಟ್ಟು, ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಮಾವ ಡ್ಯೂಟಿಗೆ ಮರಳಿದ ಮೊದಲ ಬೆಳಿಗ್ಗೆ ಅತ್ತೆ, ಒಂದು ಕೈ ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬಾಟಲಿ ತುಂಬಿಸಿದರು. ಸಂಜೆ ಅದು ತುಂಬಿದಂತೆಯೇ ಬಂತು. ಮರುದಿನವೂ. ಆ ವಾರವೆಲ್ಲ ಗಿಡಗಳಿಗೆ ಸುಗ್ಗಿ.

"ಬಸ್ಸಲ್ಲಿ ಅಷ್ಟು ಕೂಗಾಡಿದೆಯಲ್ಲ," ಎಂದರು ಅತ್ತೆ ಸೊಸೆಗೆ, ಕುಂಡಕ್ಕೆ ನೀರು ಸುರಿಯುತ್ತ. "ಇವರ ಕಿವಿಗೆ ಬಿತ್ತಾ ನೋಡು."

ಆಮೇಲೊಂದು ಸಂಜೆ ಗೇಟು ಸದ್ದಾಗಬೇಕಾದ ಹೊತ್ತಿಗೆ ಸದ್ದಾಗಲಿಲ್ಲ. ಎದುರು ಮನೆಯ ಮುದುಕರು ಹೊರಗೆ ಬಂದು ರಸ್ತೆ ನೋಡಿ, ಕೈಗಡಿಯಾರವನ್ನು ಕಿವಿಗೆ ಹಿಡಿದು ಒಳಗೆ ಹೋದರು. ಅತ್ತೆ ಅನ್ನ ಬಡಿಸುವುದೋ ಬೇಡವೋ ಎಂದು ಸೌಟು ಹಿಡಿದು ನಿಂತರು. ಹೌದಪ್ಪ ಡಿಪೋಗೆ ಫೋನು ಮಾಡಿದ, ಯಾರೂ ಎತ್ತಲಿಲ್ಲ. ಸೊಸೆಯ ಕಣ್ಣು ಸುಮ್ಮಸುಮ್ಮನೆ ಷೋಕೇಸಿನ ಫಲಕದ ಕಡೆ ಹೋಗುತ್ತಿತ್ತು. ಅಪಘಾತವಿಲ್ಲದ ಎಂಬ ಪದವನ್ನು ಅವಳು ಹಿಂದೆಂದೂ ಅಷ್ಟು ಸಲ ಓದಿರಲಿಲ್ಲ.

ಗೇಟು ಸದ್ದಾಯಿತು.

"ಎಲ್ಲಿ ಹೋಗಿದ್ರಿ? ನಮ್ಮ ಜೀವ ಹೋಯ್ತು ಇಲ್ಲಿ," ಎಂದರು ಅತ್ತೆ.

"ಎಲ್ಲಿಗೆ ಹೋಗ್ಲಿ? ರಸ್ತೆ ಮೇಲೇ ಇದ್ದೆ." ಮಾವ ಚೀಲವನ್ನು ಕುರ್ಚಿಯ ಮೇಲಿಟ್ಟರು. "ಒಬ್ಬ ಮುದುಕಿಗೆ ಹೊಟ್ಟೆ ಕೆಟ್ಟಿತ್ತು. ನಿಲ್ಲಿಸಿದೆ. ಮತ್ತೆ ನಿಲ್ಲಿಸಿದೆ. ಡಿಪೋದಲ್ಲಿ ಸಾಹೇಬರು ಬೈದ್ರು. ಬೈಲಿ. ಊಟ ಹಾಕು."

ಅತ್ತೆ ಊಟ ಹಾಕಲಿಲ್ಲ. ಚೀಲಕ್ಕೆ ಕೈಹಾಕಿ ಬಾಟಲಿ ತೆಗೆದರು. ಮೇಲೆತ್ತಿದಾಗ ಕೈ ಹಗುರಾಗಿ ಸ್ವಲ್ಪ ಹೆಚ್ಚೇ ಮೇಲಕ್ಕೆ ಹೋಯಿತು. ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿದರು. ಒಂದು ಹನಿಯೂ ಬೀಳಲಿಲ್ಲ.

"ಕುಡಿದ್ರಾ?"

"ಆ ಮುದುಕಿಗೆ ಕೊಟ್ಟೆ. ನಿನ್ನ ಸೊಸೆ ಹೇಳ್ತಾಳಲ್ಲ, ಸ್ವಲ್ಪ ಸ್ವಲ್ಪ."

"ಪೂರ್ತಿ ಅವಳೇ ಕುಡಿದ್ಲಾ?"

ಮಾವ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಒಂದು ಗುಟುಕು ಉಳಿದಿತ್ತು," ಎಂದರು. "ಚೆಲ್ಲೋಕಾಗುತ್ತಾ?"

ಅತ್ತೆ ಬಡಿಸಿದರು. ಹೌದಪ್ಪ ತಲೆ ತಗ್ಗಿಸಿಕೊಂಡು ಉಂಡ. ಸೊಸೆ ನೀರಿನ ಜಗ್ಗನ್ನು ಮಾವನ ಕೈಗೆಟಕುವಂತೆ ಸರಿಸಿ, ತಾನು ಸರಿಸಲೇ ಇಲ್ಲವೆಂಬಂತೆ ಬೇರೆ ಕಡೆ ನೋಡಿದಳು.

ಆ ಊಟದ ನಡುವೆ ಮಾವ ಎರಡು ಸಲ ಎದ್ದು ಮೂತ್ರಕ್ಕೆಂದು ಹಿತ್ತಲಿಗೆ ಹೋಗಿಬಂದರು. ಒಂದು ಗುಟುಕಿಗೆ ಅದು ಹೆಚ್ಚಾಯಿತೆಂದು ಯಾರೂ ಹೇಳಲಿಲ್ಲ.